ಮಗಳ ಫಿನ್ನಿಶ್ ಪೌರತ್ವ, 22 ವರ್ಷದ ರೂಲು, ಅವಳಿಗೇ ಬೇಡ ಅನ್ನಿಸಿದ್ರೆ?

ತೀರ್ಥಹಳ್ಳಿಯವಳು:
ಎಲ್ರಿಗೂ ನಮಸ್ಕಾರ. ನಮ್ಮೆಜಮಾನ್ರು ಫಿನ್‌ಲ್ಯಾಂಡಿನ ಕುವೊಪಿಯೊ ಊರಿನವ್ರು, ಇಪ್ಪತ್ತು ವರ್ಷದಿಂದ ಲಂಡನ್ನಲ್ಲಿದೀವಿ. ಮಗಳಿಗೆ 17, ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ, ಬ್ರಿಟಿಷ್ ಫಿನ್ನಿಶ್ ಎರಡೂ ಪಾಸ್‌ಪೋರ್ಟ್ ಇದೆ. ಚಿಕ್ಕವಳಿದ್ದಾಗ ಶನಿವಾರದ ಫಿನ್ನಿಶ್ ಕ್ಲಾಸಿಗೆ ಹೋಗ್ತಿದ್ಲು, ರಾದರ್‌ಹೈದ್‌ನಲ್ಲಿರೋ ಫಿನ್ನಿಶ್ ಚರ್ಚಿಗೂ ಕರ್ಕೊಂಡು ಹೋಗ್ತಿದ್ವಿ, ಅಲ್ಲಿ ಸೌನಾನೂ (ಬಿಸಿ ಹಬೆ ಸ್ನಾನದ ಕೋಣೆ) ಇದೆ, ರೈ (ಗೋಧಿ ಥರದ ಧಾನ್ಯ) ಬ್ರೆಡ್ಡೂ ಸಿಗತ್ತೆ.

ಹೋದ ಬೇಸಿಗೇಲಿ ಕುವೊಪಿಯೊ ಮಾರ್ಕೆಟ್ಟಲ್ಲಿ ಕಲಕುಕ್ಕೊ ತರೋಕೆ (ರೈ ಹಿಟ್ಟಿನೊಳಗೆ ಮೀನು ತುಂಬಿ ಬೇಯಿಸಿರ್ತಾರೆ, ಆ ಊರಿನ ಸ್ಪೆಷಲ್ಲು) ಅವಳೊಬ್ಳನ್ನೇ ಕಳಿಸಿದ್ವಿ. ಫಿನ್ನಿಶ್ಶಲ್ಲೇ ಕೇಳಿದಾಳೆ, ಅಂಗಡಿಯವ್ಳು ಇಂಗ್ಲಿಷಲ್ಲಿ ಉತ್ತರ ಕೊಟ್ಟಿದಾಳೆ. ಅಷ್ಟೇ ಆಗಿದ್ದು. ಆದ್ರೆ ಮಗಳು ಆ ಪೊಟ್ಟಣ ಎದೆಗೆ ಅವಚ್ಕೊಂಡು ಬಂದೋಳು ದಾರಿಯುದ್ದಕ್ಕೂ ಮಾತಾಡ್ಲಿಲ್ಲ, ಅವತ್ತಿಂದ ಅಪ್ಪನ ಹತ್ರಾನೂ ಇಂಗ್ಲಿಷೇ. ಇವ್ರು ಮಾತು ಕಮ್ಮಿ, ಡಿಸೆಂಬರ್ 6ಕ್ಕೆ ಅವ್ರ ಸ್ವಾತಂತ್ರ್ಯ ದಿನ ಕಿಟಕೀಲಿ ಎರಡು ಮೇಣದಬತ್ತಿ ಹಚ್ಚಿಟ್ಟು, ಅಧ್ಯಕ್ಷರ ಅರಮನೇಲಿ ಜನ ಸಾಲಲ್ಲಿ ಬಂದು ಕೈಕುಲುಕೋದನ್ನ ಕೂತು ನೋಡ್ತಾರೆ. ಮೊದ್ಲು ಮಗಳೇ ಬತ್ತಿ ಹಚ್ತಿದ್ಲು. ಈ ಸಲ ರೂಮಿಂದ ಈಚೆಗೇ ಬರ್ಲಿಲ್ಲ.

ಈಗ ನೋಡಿದ್ರೆ 22 ವಯಸ್ಸಿನೊಳಗೆ ಏನೋ ಮಾಡದಿದ್ರೆ ಅವಳ ಫಿನ್ನಿಶ್ ಪೌರತ್ವಾನೇ ಹೋಗತ್ತಂತೆ. ನಾನು ಬ್ರಿಟಿಷ್ ಆಗೋವಾಗ ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸಿದ್ದೆ, ಆ ನೋವು ಗೊತ್ತು, ಒಸಿಐ ಕಾರ್ಡ್ (ಹೊರದೇಶದ ಪೌರರಾದ ಭಾರತೀಯ ಮೂಲದವ್ರಿಗೆ ಕೊಡೋದು) ಅದರ ಜಾಗ ತುಂಬಲ್ಲ. ಅವಳು "ಹೋದ್ರೆ ಹೋಗ್ಲಿ, ನಾನು ಅವ್ರಲ್ಲಿ ಒಬ್ಳಲ್ಲ" ಅಂತಾಳೆ. ಒತ್ತಾಯ ಮಾಡ್ಲಾ ಬಿಡ್ಲಾ?

ಎಸ್ಪೂ_ಕನ್ನಡಿಗ:
ಅಕ್ಕಾ, ರೂಲು ಮೊದ್ಲು ಹೇಳ್ತೀನಿ. ಫಿನ್‌ಲ್ಯಾಂಡ್ 2003ರ ಜೂನಿಂದ ಎರಡು ಪೌರತ್ವ ಒಪ್ಪತ್ತೆ, ಆದ್ರೆ ಎರಡಿರೋರಿಗೆ 22 ತುಂಬೋ ಹೊತ್ತಿಗೆ ದೇಶದ ಜೊತೆ ನಂಟಿದೆ ಅಂತ ತೋರಿಸ್ಬೇಕು. ಫಿನ್‌ಲ್ಯಾಂಡಲ್ಲೋ ಸ್ವೀಡನ್, ನಾರ್ವೆ ಥರದ ಬೇರೆ ನಾರ್ಡಿಕ್ ದೇಶದಲ್ಲೋ ಒಟ್ಟು 7 ವರ್ಷ ಇದ್ದಿದ್ರೆ ಸಾಕು, ನಿಮ್ಮವಳಿಗೆ ಅದಿಲ್ಲ. ಅವಳು 18 ತುಂಬಿದ್ಮೇಲೆ 22ರೊಳಗೆ ಫಿನ್ನಿಶ್ ಪಾಸ್‌ಪೋರ್ಟಿಗೆ ಅರ್ಜಿ ಹಾಕ್ಲಿ, ಇಲ್ಲಾ ಪೌರತ್ವ ಉಳಿಸ್ಕೋತೀನಿ ಅಂತ ರಾಯಭಾರ ಕಚೇರಿಗೆ ಬರೆದು ಕೊಡ್ಲಿ, ಮುಗೀತು. ಈಗಿರೋ ಪಾಸ್‌ಪೋರ್ಟ್ ನಂಬ್ಕೊಂಡು ಕೂರ್ಬೇಡಿ, 18ಕ್ಕೆ ಮುಂಚೆ ಮಾಡ್ಸಿದ್ದು ಲೆಕ್ಕಕ್ಕಿಲ್ಲ. 18ಕ್ಕೆ ವೋಟೂ ಬರತ್ತೆ, 2019ರಿಂದ ಹೊರದೇಶದವ್ರು ಅಂಚೇಲೇ ಹಾಕ್ಬಹುದು. ಇನ್ನು ಆ ಅಂಗಡಿಯವ್ಳು ಅವಮಾನ ಮಾಡ್ಬೇಕು ಅಂತ ಮಾಡಿರಲ್ಲ, ಇಲ್ಲಿ ಫಿನ್‌ಲ್ಯಾಂಡಲ್ಲಿ ಉಚ್ಚಾರಣೆ ಒಂಚೂರು ಬೇರೆ ಕೇಳಿದ್ರೆ ಸಹಾಯ ಆಗ್ಲಿ ಅಂತಾನೇ ಇಂಗ್ಲಿಷಿಗೆ ಬರ್ತಾರೆ, ನಂಗೂ ದಿನಾ ಆಗತ್ತೆ.

ಯೊತೆಬೋರಿ_ವಾಸಿ:
ಸಹಾಯ ಅಂತಾನೇ ಮಾಡಿರ್ಬಹುದು, ಆದ್ರೆ ನಿಮಗಾಗೋದೂ ಆ ಹುಡುಗಿಗಾಗೋದೂ ಒಂದೇ ಅಲ್ಲ ಸರ್. ನಾನಿರೋದು ಸ್ವೀಡನ್ನಲ್ಲಿ, ಇಲ್ಲಿ ಫಿನ್ನಿಶ್ ಮೂಲದವ್ರು ಲಕ್ಷಗಟ್ಟಲೆ ಇದಾರೆ. 1954ರಿಂದ ನಾರ್ಡಿಕ್ ದೇಶಗಳ ಮಧ್ಯೆ ಕೆಲಸಕ್ಕೆ ಪರ್ಮಿಟ್ ಬೇಡ ಅಂತಾಯ್ತು, 1969 ಮತ್ತೆ 70 ಎರಡೇ ವರ್ಷದಲ್ಲಿ ಹತ್ತಿರ ಹತ್ತಿರ 80,000 ಜನ ಹಡಗು ಹತ್ತಿ ಫ್ಯಾಕ್ಟ್ರಿ ಕೆಲಸಕ್ಕೆ ಬಂದ್ರು. ನನ್ನ ಸಹೋದ್ಯೋಗಿ ಒಬ್ರ ಅಪ್ಪ ಅಮ್ಮ ಹಂಗೇ ಬಂದೋರು. ಶಾಲೇಲಿ ಫಿನ್ನಿಶ್ ಆಡಿದ್ರೆ ಗದರಿಸ್ತಿದ್ರಂತೆ, ಮನೇಲೂ ನಿಲ್ಸ್‌ಬಿಟ್ರು. ಇಲ್ಲಿ ಫಿನ್ನ ಅಂತ ಬೈಸ್ಕೊಂಡೋರು, ರಜಕ್ಕೆ ಅಜ್ಜಿ ಊರಿಗೆ ಹೋದ್ರೆ ಅಲ್ಲಿ ಸ್ವೀಡನ್ನಿನ ಹುಡುಗ. 2000ದಲ್ಲಿ ಫಿನ್ನಿಶ್‌ನ ಇಲ್ಲಿನ ಅಲ್ಪಸಂಖ್ಯಾತ ಭಾಷೆ ಅಂತ ಒಪ್ಕೊಂಡ್ರು, ಫೆಬ್ರವರಿ 24 ಸ್ವೀಡನ್ ಫಿನ್ನರ ದಿನ ಅಂತಾನೂ ಇದೆ. ಅವ್ರಿಗೀಗ ಐವತ್ತು ದಾಟಿದೆ, ಸಂಜೆ ಕ್ಲಾಸಿಗೆ ಹೋಗಿ ಭಾಷೆ ಕಲೀತಿದಾರೆ. ಅಮ್ಮ ಮರೆವಿನ ಕಾಯಿಲೆ ಬಂದು ಸ್ವೀಡಿಶ್ ಪೂರ್ತಿ ಮರೆತಿದಾರೆ ಅದಕ್ಕೆ. ಪೌರತ್ವದ ಕಾಗದಕ್ಕಿಂತ ಅಪ್ಪ ಮಗಳ ಮಾತು ನಿಂತಿದ್ಯಲ್ಲ, ನಂಗೆ ಅದೇ ಚಿಂತೆ.

ಹೌಟನ್_ಹುಡುಗ:
ನಾನು ಅಮೆರಿಕದ ಮಿಶಿಗನ್ನಲ್ಲಿ ಓದ್ತಿದೀನಿ, ಪಕ್ಕದ ಹ್ಯಾನ್‌ಕಾಕ್ ಊರಲ್ಲಿ ಬೀದಿ ಬೋರ್ಡು ಫಿನ್ನಿಶ್ಶಲ್ಲೂ ಇದೆ! ತಾಮ್ರದ ಗಣಿ ಕಾಲದಲ್ಲಿ ಫಿನ್‌ಲ್ಯಾಂಡಿಂದ ಬಂದೋರ ಮರಿಮಕ್ಕಳು ಇಲ್ಲಿರೋದು. ಆಗ ಬಂದೋರು 1896ರಲ್ಲಿ ಕಾಲೇಜೂ ಕಟ್ಟಿದ್ರು, ಅದು 2023ರಲ್ಲಿ ಮುಚ್ಚೋಯ್ತು. ತುಂಬಾ ಜನಕ್ಕೆ ಭಾಷೆ ಬರಲ್ಲ, ಆದ್ರೆ 'ಸಾನಾ' ಅಂದ್ರೆ ತಿದ್ತಾರೆ, 'ಸೌನಾ' ಅನ್ನು ಅಂತ. ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡಿಗೆ ಇಲ್ಲಿ 'ನಿಸು' ಅಂತಾರೆ, ಫಿನ್‌ಲ್ಯಾಂಡಲ್ಲಿ ಈಗ ಎಲ್ರೂ 'ಪುಲ್ಲ' ಅನ್ನೋದು, ಹಳೇ ಪದ ಉಳಿದಿರೋದು ಇಲ್ಲಿ. ನಿಮ್ಮ ಮಗಳಿಗೆ ಹೇಳಿ ಅಕ್ಕಾ, ಇವ್ರನ್ನೆಲ್ಲ ಫಿನ್ನರಲ್ಲ ಅನ್ನೋಕೆ ನಂಗಂತೂ ಬಾಯಿ ಬರಲ್ಲ.

ತೀರ್ಥಹಳ್ಳಿಯವಳು:
ಎಲ್ರಿಗೂ ಥ್ಯಾಂಕ್ಸ್. ಯೊತೆಬೋರಿಯವ್ರ ಮಾತು ಓದಿ ಅತ್ತುಬಿಟ್ಟೆ. ಅದನ್ನೇ ಯಜಮಾನ್ರಿಗೆ ಓದಿ ಹೇಳ್ದೆ, ಏನೂ ಅನ್ಲಿಲ್ಲ, ಎದ್ದು ಹೋಗಿ ಮಗಳ ರೂಮಿನ ಬಾಗಿಲು ತಟ್ಟಿದ್ರು. ಸುಮಾರು ಹೊತ್ತು ಒಳಗಿಂದ ಫಿನ್ನಿಶ್ ಕೇಳಿಸ್ತಿತ್ತು, ಇಬ್ಬರ ದನೀನೂ. ಪಾಸ್‌ಪೋರ್ಟ್ ವಿಷ್ಯ ಅವಳಿಗೆ 18 ಆದ್ಮೇಲೆ ಅವಳೇ ಹೇಳ್ಲಿ, ನಾನು ತಾರೀಖು ಮಾತ್ರ ಬರೆದಿಟ್ಕೊಂಡಿದೀನಿ.