ಕಪ್ಸ್ ಸೇವೆ ‘ನಿಷ್ಕ್ರಿಯ’ ಎಂದರೆ ಯಾವ ಸ್ಥಿತಿ?

ಲಿನಕ್ಸ್‌ನಲ್ಲಿ ಮುದ್ರಣ ಸೇವೆ ಕಪ್ಸ್ ಶುರುವಾಗದಿದ್ದಾಗ ಏನು ಮಾಡಬೇಕೆಂಬ ಕೈಪಿಡಿಯ ಕನ್ನಡ ಕರಡಿನಲ್ಲಿ ಸೇವೆಯ ಸ್ಥಿತಿ ಹೇಳುವ ಇನ್‌ಆ್ಯಕ್ಟಿವ್, ಡಿಸೇಬಲ್ಡ್ ಎರಡಕ್ಕೂ ‘ನಿಷ್ಕ್ರಿಯ’ ಎಂದಿದೆ. ಮಾಸ್ಕ್ಡ್‌ಗೆ ‘ಮುಸುಕು ಹಾಕಿದ’. ಇದನ್ನು ನಂಬಿದವರು ತಪ್ಪು ಆದೇಶ ಕೊಡುವುದು ಖಂಡಿತ.

ಸೇವೆಯ ಸ್ಥಿತಿ ತೋರಿಸುವ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಪ್ಸ್’ ಆದೇಶ ಕೊಟ್ಟಾಗ ‘ಲೋಡೆಡ್’ ಸಾಲಿನಲ್ಲಿ ಡಿಸೇಬಲ್ಡ್ ಕಂಡರೆ, ಯಂತ್ರ ಬೂಟ್ ಆದಾಗ ಸೇವೆ ತಾನಾಗಿ ಏಳದು ಎಂದಷ್ಟೇ ಅರ್ಥ. ಸದ್ಯ ಅದು ಓಡುತ್ತಲೂ ಇರಬಹುದು! ಕೆಳಗಿನ ‘ಆ್ಯಕ್ಟಿವ್’ ಸಾಲಿನ ಇನ್‌ಆ್ಯಕ್ಟಿವ್ ಮಾತ್ರ ಈಗ ಓಡುತ್ತಿಲ್ಲ ಎಂದು ಹೇಳುತ್ತದೆ. ‘ನಿಷ್ಕ್ರಿಯ’ ಎಂದು ಓದಿ ‘ಎನೇಬಲ್’ ಕೊಟ್ಟರೆ ಮುಂದಿನ ಬೂಟ್‌ನಲ್ಲಿ ತಾನಾಗಿ ಏಳಲು ಬೇಕಾದ ಕೊಂಡಿ (ಲಿಂಕ್) ಸಿದ್ಧವಾಗುತ್ತದೆ, ಆದರೆ ಈಗಲೇ, ಸೇವೆ ಏಳುವುದಿಲ್ಲ. ‘ಸ್ಟಾರ್ಟ್’ ಬೇರೆ ಕೊಡಬೇಕು.

ಇನ್‌ಆ್ಯಕ್ಟಿವ್ ದೋಷವೇ ಅಲ್ಲದಿರುವುದೂ ಉಂಟು. ಸಾಕೆಟ್ (ಕೋರಿಕೆ ಬಂದು ತಲುಪುವ ಸಂಪರ್ಕ ಬಿಂದು) ಮೂಲಕ ಬೇಕಾದಾಗ ಮಾತ್ರ ಏಳುವಂತೆ ಹೊಂದಿಸಿದಲ್ಲಿ, ಕೆಲಸವಿಲ್ಲದಿದ್ದರೆ ಕಪ್ಸ್ ತಾನೇ ಮುಚ್ಚಿಕೊಳ್ಳುತ್ತದೆ. ಈ ಕಾಯುವ ಅವಧಿ ಸಾಮಾನ್ಯವಾಗಿ 60 ಸೆಕೆಂಡು. ಹಾಗಾಗಿ ಇದಕ್ಕೆ ‘ಓಡುತ್ತಿಲ್ಲ’ ಸಾಕು, ‘ಕೆಟ್ಟಿದೆ’ ಎಂಬ ಛಾಯೆ ಬೇಡ.

ನಿಜವಾದ ತೊಂದರೆ ಫೇಲ್ಡ್ ಎಂಬ ಸ್ಥಿತಿಯದು. ಅದಕ್ಕೆ ‘ವಿಫಲ’ ಇರಲಿ, ತಕರಾರಿಲ್ಲ. ಆದರೆ ಪಕ್ಕದಲ್ಲೇ ಮುಂದಿನ ಹೆಜ್ಜೆ ಹೇಳಬೇಕು. ಮೊದಲು ‘ಜರ್ನಲ್‌ಸಿಟಿಎಲ್’ನಲ್ಲಿ ಕಪ್ಸ್‌ನ ದಾಖಲೆ ನೋಡಿ. ಬಳಿಕ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಕಪ್ಸ್‌ನ ಮೂಲ ಪ್ರೋಗ್ರಾಂ ‘ಕಪ್ಸ್‌ಡಿ’ಗೆ ‘ಟಿ’ ಆಯ್ಕೆ ಕೊಟ್ಟು ನಡೆಸಿದರೆ ಕಾನ್ಫಿಗರೇಶನ್ ಕಡತವನ್ನಷ್ಟೇ ಪರೀಕ್ಷಿಸುತ್ತದೆ. ಕಡತ ಸರಿಯಿದ್ದರೆ ಕಪ್ಸ್ ಬಳಸುವ 631ನೇ ಪೋರ್ಟ್ ಬೇರೆ ಪ್ರಕ್ರಿಯೆಯ ಕೈಯಲ್ಲಿದೆಯೇ, ಡಿಸ್ಕಿನ ‘ವಾರ್’ ವಿಭಾಗ ತುಂಬಿದೆಯೇ ನೋಡಿ. ಮೇಲಿಂದ ಮೇಲೆ ಶುರು ಮಾಡಲು ಹೋದರೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ತಡೆಯುತ್ತದೆ. ಸಹಜ ಮಿತಿ 10 ಸೆಕೆಂಡಿಗೆ 5 ಯತ್ನ. ಆ ಎಣಿಕೆ ಅಳಿಸಲು ‘ರಿಸೆಟ್-ಫೇಲ್ಡ್’ ಇದೆ.

ಮಾಸ್ಕ್ಡ್ ಆದಾಗ ಘಟಕದ (ಸೇವೆಯ ಕಡತದ) ಹೆಸರು ‘ಡೆವ್ ನಲ್’ ಎಂಬ ಏನೂ ಇಲ್ಲದ ಕಡತಕ್ಕೆ ಕೊಂಡಿಯಾಗಿರುತ್ತದೆ. ಸ್ಟಾರ್ಟ್, ಎನೇಬಲ್ ಎರಡೂ ನಡೆಯವು, ‘ಅನ್‌ಮಾಸ್ಕ್’ ಆಗಲೇಬೇಕು. ಮುಸುಕು ಎಂದರೆ ಮರೆಯಾಯಿತು ಎನ್ನುವಷ್ಟೇ ಅರ್ಥ ಬರುತ್ತದೆ. ‘ಅಗಳಿ ಹಾಕಿದೆ’, ‘ಅಗಳಿ ತೆಗೆ’ ಎಂದರೆ ಆದೇಶದ ಕೆಲಸವೇ ಕಣ್ಣಿಗೆ ಕಟ್ಟುತ್ತದೆ.

ಇಷ್ಟು ಸಾಲದೆಂಬಂತೆ ಪ್ರಿಂಟರುಗಳ ಸ್ಥಿತಿ ತೋರಿಸುವ ‘ಎಲ್‌ಪಿಸ್ಟಾಟ್’ ಆದೇಶ ಕೂಡ ಪ್ರಿಂಟರನ್ನು ಡಿಸೇಬಲ್ಡ್ ಎನ್ನುತ್ತದೆ. ಅಲ್ಲಿ ಸೇವೆ ಚೆನ್ನಾಗಿಯೇ ಇದೆ. ಆ ಒಂದು ಪ್ರಿಂಟರಿನ ಸರದಿ ನಿಂತಿದೆ, ಹೊಸ ಕೆಲಸಗಳು ಬಂದು ಗುಡ್ಡೆ ಬೀಳುತ್ತವೆ. ಪರಿಹಾರ ‘ಕಪ್ಸ್‌ಎನೇಬಲ್’. ಇದಕ್ಕೆ ‘ಸರದಿ ತಡೆದಿದೆ’ ಎನ್ನೋಣ.

ಸೇವೆಯ ಡಿಸೇಬಲ್ಡ್‌ಗೆ ‘ತಾನಾಗಿ ಏಳದು’ ಎಂಬುದು ಅರ್ಥಕ್ಕೆ ಸರಿ, ಸ್ಥಿತಿಯ ಅಂಕಣಕ್ಕೆ ಉದ್ದ. ಚಿಕ್ಕದೊಂದು ಪದ ಯಾರಿಗಾದರೂ ಹೊಳೆಯುತ್ತದೆಯೇ?