ಅಪ್ಪನಿಗೆ ಆಸ್ಪತ್ರೆ ಚೀಲ: ಏನೇನು ಇಟ್ಟಿರಬೇಕು?

ಸಾಗರದಿಂದ ಪ್ರಶ್ನೆ: ಅಪ್ಪನಿಗೆ 78. ಶುಗರ್‌ಗೆ ಇನ್ಸುಲಿನ್, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕಿದೆ, ರಕ್ತ ತೆಳು ಮಾಡೋ ಮಾತ್ರೆ ನಡೀತಿದೆ, ಕಿವಿ ಮಂದ. ಮನೇಲಿ ಇರೋದು ನಾನು, ಅಮ್ಮ ಇಬ್ಬರೇ. ಅಪರಾತ್ರಿಲಿ ಹೊರಡಬೇಕಾಗಿ ಬಂದ್ರೆ ಅಂತ ಒಂದು ಚೀಲ ಸಿದ್ಧ ಮಾಡಿಡಬೇಕು. ಅನುಭವ ಇರೋರು ಹೇಳಿ.

ಮೈಸೂರಿನಿಂದ: ಮೊದಲು ಒಂದು ಹಾಳೆ ಬರೀರಿ. ನೀವು ಊರಲ್ಲಿಲ್ಲದ ದಿನ ಪಕ್ಕದ ಮನೆಯವರು ಕರ್ಕೊಂಡು ಹೋದ್ರೂ ಡಾಕ್ಟರಿಗೆ ಎಲ್ಲಾ ಗೊತ್ತಾಗಬೇಕು, ಹಾಗಿರಲಿ. ನಮ್ಮಮ್ಮನ ಹಾಳೇಲಿ ಎಲ್ಲಕ್ಕಿಂತ ಮೇಲೆ ಕೆಂಪು ಪೆನ್ನಲ್ಲಿ ರಕ್ತ ತೆಳು ಮಾಡೋ ಮಾತ್ರೆ ಹೆಸರು, ಅದರ ಕೆಳಗೆ ಅಲರ್ಜಿ, ಆಮೇಲೆ ಉಳಿದ ಮಾತ್ರೆ ಎಷ್ಟು ಎಂಜಿ, ಯಾವ ಹೊತ್ತಿಗೆ ಅಂತ ಇದೆ. ಮೂಲೇಲಿ ತಾರೀಕು. ಡೋಸ್ ಬದಲಾದ ದಿನವೇ ಹೊಸ ಹಾಳೆ ಬರೆದು ಹಳೇದನ್ನ ಹರಿದುಬಿಡ್ತೀನಿ.

ಜೊತೆಗೆ ಕೊನೆಯ ಡಿಸ್ಚಾರ್ಜ್ ಸಮ್ಮರಿ, ಸ್ಟೆಂಟ್ ಕಾರ್ಡ್ (ಯಾವ ಸ್ಟೆಂಟ್, ಯಾವಾಗ ಹಾಕಿದ್ದು ಅಂತ ಆಸ್ಪತ್ರೆಯವರು ಕೊಡೋದು), ಹಳೇ ಇಸಿಜಿ (ಹೃದಯ ಬಡಿತದ ಗ್ರಾಫ್). ಎದೆನೋವು ಅಂತ ಹೋದಾಗ ಹೊಸ ಇಸಿಜೀಲಿ ಕಾಣೋ ಏರುಪೇರು ಈಗಿಂದೋ ಮುಂಚಿನಿಂದ ಇದ್ದದ್ದೋ ಅಂತ ಹೋಲಿಸೋಕೆ ಹಳೇದು ತುಂಬಾ ಉಪಯೋಗ. ಆ ನುಣುಪು ಕಾಗದ ಇಟ್ಟಲ್ಲೇ ಮಾಸಿಹೋಗುತ್ತೆ, ಜೆರಾಕ್ಸ್ ಮಾಡಿಸಿಡಿ. ಆಧಾರ್, ರೇಷನ್ ಕಾರ್ಡೂ ಇರಲಿ. ಬಿಪಿಎಲ್ ಆದ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಸಿಗುತ್ತೆ.

ಧಾರವಾಡದಿಂದ: ಇನ್ಸುಲಿನ್ ಚೀಲದಾಗ ತುಂಬಿ ಇಡಬ್ಯಾಡ್ರಿ. ಇನ್ನೂ ಸೀಲ್ ಒಡೀಲಾರದ್ದು ಫ್ರಿಜ್‌ನ್ಯಾಗ ಇರಬೇಕು. ಚೀಲದ ಹಿಡಿಕಿಗೆ ‘ಫ್ರಿಜ್‌ನ್ಯಾಗಿನ ಇನ್ಸುಲಿನ್’ ಅಂತ ಚೀಟಿ ಕಟ್ರಿ, ಹೊಂಡೂ ಗಡಿಬಿಡ್ಯಾಗ ಕಣ್ಣಿಗೆ ಬೀಳ್ತದ. ಹೊರಗಿನ ಜೇಬಿನ್ಯಾಗ ಗ್ಲುಕೋಸ್ ಪುಡಿ ಇರಲಿ, ದಾರ್ಯಾಗ ಶುಗರ್ ಇಳದ್ರ ಬೇಕು. ಆದ್ರ ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, ಗಂಟಲದಾಗ ಸಿಗತದ.

ಮಂಗಳೂರಿನಿಂದ, ವಾರ್ಡಿನಲ್ಲಿ ನರ್ಸ್: ಕಿವಿ ಮಷೀನ್‌ಗೆ, ಹಲ್ಲಿನ ಸೆಟ್‌ಗೆ ಒಂದೊಂದು ಡಬ್ಬಿ, ಮೇಲೆ ಹೆಸರು. ಟಿಶ್ಯೂನಲ್ಲಿ ಸುತ್ತಿಟ್ಟ ಹಲ್ಲಿನ ಸೆಟ್ ಊಟದ ತಟ್ಟೆ ಜೊತೆ ಕಸಕ್ಕೆ ಹೋಗಿದ್ದು ನೋಡಿದ್ದೇನೆ. ಮಷೀನ್ ಇಲ್ಲದೆ ಪ್ರಶ್ನೆ ಕೇಳಿಸದವರು ಏನೋ ಒಂದು ಉತ್ತರ ಕೊಡ್ತಾರೆ, ಹೊಸಬರು ಅದನ್ನು ಬುದ್ಧಿ ಕಲಕಿದೆ ಅಂತ ತಿಳಿದುಕೊಳ್ಳೋದುಂಟು. ಅದಕ್ಕೇ ಹಾಳೇಲಿ ‘ಕಿವಿ ಮಂದ, ಎದುರು ನಿಂತು ನಿಧಾನ ಮಾತಾಡಿ’ ಅಂತಲೂ ಬರೀರಿ. ಒಂದು ನೋಟ್‌ಬುಕ್, ದಪ್ಪ ಪೆನ್ ಇರಲಿ. ಉಂಗುರ, ಸರ ಮನೆಯಲ್ಲೇ ತೆಗೆದಿಡಿ. ಮನೆ ಮಾತ್ರೆ ಪಟ್ಟಿ ತನ್ನಿ, ಆದರೆ ವಾರ್ಡಲ್ಲಿ ನಮಗೆ ಹೇಳದೆ ಆ ಮಾತ್ರೆ ಕೊಡಬೇಡಿ. ಅದೇ ಔಷಧ ಎರಡು ಸಲ ಹೋಗುತ್ತೆ.

ತುಮಕೂರಿಂದ: ಜೊತೇಲಿರೋರನ್ನ ಮರೀಬೇಡಿ. ಚಾಪೆ, ಹೊದಿಕೆ, ಫ್ಲಾಸ್ಕ್, ಉದ್ದ ವೈರಿನ ಚಾರ್ಜರ್, ಸ್ವಲ್ಪ ನಗದು. ಅಮ್ಮನಿಗೂ ಬಿಪಿ ಗಿಪಿ ಇದ್ರೆ ಅವರ ಮಾತ್ರೇನೂ ಹಾಕಿ. 108ಕ್ಕೆ ಹೇಳಬೇಕಾದ ವಿಳಾಸ, ಮನೆ ಹತ್ರದ ಗುರುತು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಸಾಗರದಿಂದ: ತುಂಬಾ ಉಪಕಾರ ಆಯ್ತು. ಹಾಳೆ ಬರೆಯೋಕೆ ಕೂತಿದೀನಿ. ಸ್ಟೆಂಟ್ ಕಾರ್ಡ್ ಮಾತ್ರ ಸಿಗ್ತಿಲ್ಲ, ಏನು ಮಾಡ್ಲಿ?

ಮೈಸೂರಿನಿಂದ: ಸ್ಟೆಂಟ್ ಹಾಕಿದ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಅಪ್ಪನ ಹೆಸರು, ದಾಖಲಾದ ತಾರೀಕು ಹೇಳಿ ಕೇಳಿ. ಹಳೇ ಬಿಲ್ ಮೇಲೆ ಐಪಿ ನಂಬರ್ (ದಾಖಲಾದ ರೋಗಿಗೆ ಆಸ್ಪತ್ರೆ ಕೊಡೋ ಸಂಖ್ಯೆ) ಇದ್ರೆ ಹುಡುಕೋದು ಸುಲಭ.