ಫೈಬರ್ ದೋಣಿಯ ಕನ್ಸೋಲ್ ಮನೆಯಲ್ಲೇ ಮಾಡಿದರೆ ಎಷ್ಟು ದಿನ, ಎಷ್ಟು ಹಣ?

ಹಿನ್ನೀರು_ಬಾಗಲಕೋಟೆ:
ಎಲ್ಲರಿಗೂ ನಮಸ್ಕಾರ. ಘಟಪ್ರಭೆಯ ಹಿನ್ನೀರಿನಲ್ಲಿ ಓಡಿಸಲೆಂದು ಕರಾವಳಿಯಿಂದ 16 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ತಂದಿದ್ದೇನೆ. ತಳ ಗಟ್ಟಿಯಾಗಿದೆ, ಆದರೆ ಸ್ಟೀರಿಂಗ್ ಕೂರುವ ಕನ್ಸೋಲಿನೊಳಗಿನ ಪ್ಲೈವುಡ್ ಕೊಳೆತಿದ್ದು, ಬೆರಳಿನಿಂದ ಒತ್ತಿದರೆ ನೆನೆದ ರೊಟ್ಟಿಯಂತೆ ಕುಸಿಯುತ್ತದೆ. ಆಲಮಟ್ಟಿಯ ನೀರು ಇಳಿದು ದೋಣಿ ದಡದ ಮೇಲಿರುವ ಈ ಬೇಸಿಗೆಯಲ್ಲಿಯೇ ಅದನ್ನು ಹೊಸದಾಗಿ ಕಟ್ಟಬೇಕೆಂದಿದ್ದೇನೆ. ಅಳತೆ 100 ಸೆಂ.ಮೀ. ಎತ್ತರ, 70 ಅಗಲ, 50 ಆಳ. 8 ಅಡಿ ಉದ್ದ, 4 ಅಡಿ ಅಗಲದ ಒಂದು ಮರೈನ್ ಪ್ಲೈವುಡ್ ಶೀಟು, ಸ್ವಲ್ಪ ರೆಸಿನ್ (ಫೈಬರನ್ನು ಗಟ್ಟಿಯಾಗಿ ಹಿಡಿಸುವ ಅಂಟುದ್ರವ), ಎರಡು ಭಾನುವಾರ, 12,000 ರೂಪಾಯಿ ಎಂಬುದು ನನ್ನ ಅಂದಾಜು. ಇಷ್ಟರಲ್ಲಿ ಮುಗಿಯಬಹುದೇ?

ಹಳೇ_ದೋಣಿ:
ಸರ್, ಎರಡು ಭಾನುವಾರದಲ್ಲಿ ಹಳೆಯದನ್ನು ಕಿತ್ತು ಮುಗಿಸಿದರೆ ಅದೇ ದೊಡ್ಡದು. ಎರಡು ವರ್ಷದ ಹಿಂದೆ ಹೆಚ್ಚುಕಡಿಮೆ ಇದೇ ಅಳತೆಯ ಕನ್ಸೋಲ್ ಮಾಡಿದಾಗ ನಾನು ಗಂಟೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ಕೀಳಲು ಮತ್ತು ಹಳೆಯ ಫೈಬರನ್ನು ಗ್ರೈಂಡರಿನಿಂದ ತೆಗೆಯಲು 14 ಗಂಟೆ, ಹಲಗೆ ಕತ್ತರಿಸಿ ಜೋಡಿಸಲು 10, ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಲು 9, ಪುಟ್ಟಿ, ಉಜ್ಜುವುದು ಹಾಗೂ ಬಣ್ಣಕ್ಕೆ 19, ವೈರಿಂಗಿಗೆ 12, ಒಟ್ಟು 64 ಗಂಟೆ. ಏಳು ಭಾನುವಾರಗಳು ಹೋದವು. ಮನೆಯವರ ಬೈಗುಳವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹಣದಲ್ಲಿ ಪ್ಲೈವುಡ್, ರೆಸಿನ್, ಮ್ಯಾಟ್ ಸೇರಿ 8,400 ರೂಪಾಯಿ ಮಾತ್ರ. ಬಣ್ಣ, ಪುಟ್ಟಿ, ಸ್ಯಾಂಡ್ ಪೇಪರಿಗೆ 5,600, ವೈರು, ಸ್ವಿಚ್ಚು, ಫ್ಯೂಸುಗಳಿಗೆ 6,200, ಸ್ಟೀಲ್ ಬೋಲ್ಟು ಮತ್ತು ಸೀಲಂಟಿಗೆ 2,300, ಹೀಗೆ 22,500 ಆಯಿತು. ಸ್ಟೀರಿಂಗ್ ಮತ್ತು ಮೀಟರುಗಳು ಹಳೆಯವೇ.

ರೆಸಿನ್ ಎಷ್ಟು ಬೇಕೆಂಬುದನ್ನು ಅಂಗಡಿಯವರನ್ನು ಕೇಳಬೇಡಿ, ನೀವೇ ಲೆಕ್ಕ ಹಾಕಿ. ನಿಮ್ಮ ಪೆಟ್ಟಿಗೆಯ ಹೊರಮೈ ಸುಮಾರು 3 ಚದರ ಮೀಟರ್. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟನ್ನು ಎರಡು ಪದರ ಹಾಕಿದರೆ 2.7 ಕೆ.ಜಿ., ಅದನ್ನು ನೆನೆಸಲು ಎರಡರಿಂದ ಎರಡೂವರೆ ಪಟ್ಟು, ಅಂದರೆ ಐದೂವರೆಯಿಂದ ಏಳು ಕೆ.ಜಿ. ಪಾಲಿಯೆಸ್ಟರ್ ರೆಸಿನ್ ಬೇಕು. ಒಳಮೈಗೆ ಬಳಿಯಲು ಬೇಕಾದದ್ದು ಇದಲ್ಲದೆ ಬೇರೆ. ನಮ್ಮ ಬಿಸಿಲಿನಲ್ಲಿ ಮಾತ್ರ ಎಚ್ಚರವಿರಲಿ: ಮೇ ತಿಂಗಳಿನಲ್ಲಿ ಬೆಳಿಗ್ಗೆ 11ಕ್ಕೆ ಒಂದೇ ಬಕೆಟ್ಟಿನಲ್ಲಿ 2 ಕೆ.ಜಿ. ಕಲಸಿದ್ದೆ. ಮೊದಲ ಮ್ಯಾಟ್ ಒದ್ದೆಯಾಗುವಷ್ಟರಲ್ಲಿ ಅದು ಗಡ್ಡೆಮೊಸರಾಗಿ, ಹೊಗೆ ಬಂದು, ಬಕೆಟ್ಟಿನ ತಳವೇ ಸೊಟ್ಟಗಾಯಿತು. ಅನಂತರ ಸೂರ್ಯ ಏರುವ ಮೊದಲೇ ಕೆಲಸ ಶುರು ಮಾಡಿ, ಒಮ್ಮೆಗೆ ಅರ್ಧ ಕೆ.ಜಿ.ಗಿಂತ ಹೆಚ್ಚು ಕಲಸಲಿಲ್ಲ. ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡನರನ್ನೂ ನೂರಕ್ಕೆ ಎರಡರ ಬದಲು ಒಂದಕ್ಕೆ ಇಳಿಸಿದೆ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಆಕ್ಸಿಲರೇಟರ್ ಬೇರೆ ಬಾಟಲಿಯಲ್ಲಿ ಕೊಟ್ಟರೆ ಅದನ್ನು ಮೊದಲು ರೆಸಿನ್ನಿಗೆ ಬೆರೆಸಿ, ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡನರ್ ಹಾಕಬೇಕು. ಅವೆರಡೂ ನೇರವಾಗಿ ಕೂಡಿದರೆ ಸಿಡಿಯುತ್ತವೆ.

ಬಡಿಗ_ಇಳಕಲ್ಲ:
ಶೀಟಿನ ಲೆಕ್ಕವನ್ನು ಯಾರೂ ನೋಡಲಿಲ್ಲವೆಂದು ಬರೆಯುತ್ತಿದ್ದೇನೆ. ಶೀಟು 244 ಸೆಂ.ಮೀ. ಉದ್ದ, 122 ಅಗಲ. ನಾಲ್ಕು ಬದಿಗಳಿಗೆ 70, 70, 50, 50 ಎಂದು 240 ಹೋದರೆ ಗರಗಸದ ಬಾಯಿಗೆ ಉಳಿಯುವುದು 4. ಅಗಲದಲ್ಲಿ ಎತ್ತರದ 100 ಹೋದರೆ ಪಕ್ಕದಲ್ಲಿ ಉಳಿಯುವ ಪಟ್ಟಿಯ ಅಗಲ 22. ಅದರಲ್ಲಿ 50 ಅಗಲದ ಮೇಲ್ಹಲಗೆ ಹೊರಡುವುದಿಲ್ಲ. ಚದರಡಿಯಲ್ಲಿ ಸರಿಹೋದದ್ದು ಹಲಗೆಯಲ್ಲಿ ಸರಿಹೋಗಬೇಕೆಂದಿಲ್ಲ ಸರ್. ಶೀಟಿನ ಮೇಲೆ ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕವಾದ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಿಕೊಳ್ಳಿ. ಐಎಸ್ 303 ಇದ್ದರೆ ಅದು ಮರೈನ್ ಅಲ್ಲ. ಕೊಳೆ ಹಿಡಿಯುವುದು ಕತ್ತರಿಸಿದ ಅಂಚಿನಿಂದ ಮತ್ತು ಸ್ಕ್ರೂ ತೂತಿನಿಂದ. ಆದ್ದರಿಂದ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಬೇಕಾದ ಗಾತ್ರಕ್ಕೆ ಮತ್ತೆ ಕೊರೆಯಿರಿ.

ವೈರಿಂಗ್_ವಿಜಯಪುರ:
ಹಳೆಯದನ್ನು ಕೀಳುವ ಮೊದಲು ಪ್ರತಿ ವೈರಿಗೂ ಟೇಪು ಸುತ್ತಿ ಹೆಸರು ಬರೆಯಿರಿ. 12 ಗಂಟೆಯಲ್ಲಿ ಅರ್ಧ ಉಳಿಯುತ್ತದೆ. ತವರ ಲೇಪಿಸಿದ ತಾಮ್ರದ ವೈರನ್ನೇ ಹಾಕಿ, ಮುಖ್ಯ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಡಿ. ತಳದ ನೀರೆತ್ತುವ ಪಂಪಿಗೆ ಮಾತ್ರ ಬೇರೆ ಫ್ಯೂಸಿನ ಮೂಲಕ ಬ್ಯಾಟರಿಯಿಂದಲೇ ಲೈನ್ ಕೊಡಿ, ಏಕೆಂದರೆ ನೀವು ಮೇನ್ ಸ್ವಿಚ್ ಆರಿಸಿ ಮನೆಗೆ ಬಂದ ರಾತ್ರಿಯೂ ಮಳೆ ಸುರಿಯುತ್ತದೆ.

ಹಿನ್ನೀರು_ಬಾಗಲಕೋಟೆ:
ಎಲ್ಲರಿಗೂ ಧನ್ಯವಾದಗಳು. ಫ್ರಿಜ್ ಬಂದಿದ್ದ ರಟ್ಟಿನಿಂದ ಪೆಟ್ಟಿಗೆ ಮಾಡಿ ನಿನ್ನೆ ಸಂಜೆ ದೋಣಿಯಲ್ಲಿಟ್ಟು ನಿಂತು ನೋಡಿದೆ. ಚಕ್ರ ನನ್ನ ಎದೆಯ ಮಟ್ಟಕ್ಕೆ ಬರುತ್ತಿದ್ದುದರಿಂದ ಎತ್ತರವನ್ನು 90ಕ್ಕೆ ಇಳಿಸಿದೆ. ಆಗಲೂ ಉಳಿಯುವ ಪಟ್ಟಿ 32 ಸೆಂ.ಮೀ. ಮಾತ್ರ. ಇನ್ನರ್ಧ ಶೀಟಿಗೆ ಹೇಳಿ ಬಂದಿದ್ದೇನೆ.